ಡಾಕ್ಟರು ಹೇಳಿದ ಗೋಮಾರಿ

ಮೇಡಂ ಮೇವು ಬಿಟ್ಟ ಎರಡನೆಯ ದಿನ ಬೆಳಿಗ್ಗೆ ನಮ್ಮ ಮಾವ ಅಶ್ವತ್ಥಪ್ಪನವರು ಮೊಬೈಲ್ ಫೋನಿಗೆ ಕೈ ಮುಗಿದರು. ಫೋನನ್ನು ಅಂಗಳದ ಕಲ್ಲಿನ ಮೇಲಿಟ್ಟು, ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಸುತ್ತಿ, ಕಣ್ಣು ಮುಚ್ಚಿ ನಿಂತರು. ಒಳಗಿಂದ ದನದ ಡಾಕ್ಟರ ದನಿ ತೆಲುಗಿನಲ್ಲಿ ಇನ್ನೂ ಏನೋ ಹೇಳುತ್ತಲೇ ಇತ್ತು. ಅದು ಕಟ್ಟಾಗುವವರೆಗೂ ಅವರು ಕಣ್ಣು ಬಿಡಲಿಲ್ಲ.

ಮೇಡಂ ಎಂದರೆ ಹಸು. ಕಪ್ಪು ಬಿಳುಪಿನ ಸೀಮೆಹಸು. ಕೊಟ್ಟಿಗೆಯಲ್ಲಿ ಅದಕ್ಕೊಂದು ಫ್ಯಾನು, ಕಾಲಡಿಗೆ ರಬ್ಬರ್ ಚಾಪೆ, ಮಧ್ಯಾಹ್ನಕ್ಕೊಂದು ಸ್ನಾನ. ಬಂದ ದಿನ ಯಾರೋ ತಮಾಷೆಗೆ ಇಟ್ಟ ಹೆಸರು ಹಾಗೇ ನಿಂತುಬಿಟ್ಟಿತ್ತು. ಆ ಮನೆಯಲ್ಲಿ ಅದು ನನಗಿಂತ ಹಿರಿದು. ನಾನು ಸೊಸೆಯಾಗಿ ಬಂದು ಐದು ತಿಂಗಳಾಗಿತ್ತು, ಮೇಡಂ ಬಂದು ಮೂರು ವರ್ಷ. ಈಗ ಅದು ತಲೆ ಇಳಿಬಿಟ್ಟು ನಿಂತಿತ್ತು. ಮೈ ಒಲೆಯ ಕಲ್ಲಿನ ಹಾಗೆ ಸುಡುತ್ತಿತ್ತು. ಕಣ್ಣಿಂದ ನೀರು ಸುರಿಯುತ್ತಿತ್ತು. ಹೆಗಲ ಮುಂದೆ ನಿಂಬೆಹಣ್ಣಿನಷ್ಟು ದಪ್ಪದ ಗಂಟೊಂದು ಎದ್ದಿತ್ತು.

"ಏನಂದ್ರು ಡಾಕ್ಟ್ರು?" ಎಂದು ಅತ್ತೆ ಸರಸ್ವತಮ್ಮ ಕೇಳಿದರು.

"ಮಾರಿ ಕಣೇ," ಎಂದರು ಮಾವ. "ಗೋಮಾರಿ ಅಂದ್ರು. ಗೋಮಾರಿ ಜ್ವರಂ ಅಂತ ಎಲ್ಡು ಸಲ ಅಂದ್ರು. ಓದಿದೋರ ಬಾಯಲ್ಲೇ ಬಂದ್ಬುಡ್ತು ನೋಡು."

"ಅಯ್ಯೋ ನಮ್ಮಪ್ಪಾ! ಡಾಕ್ಟ್ರೇ ಅಂದ್ರಾ?"

"ನಾನೇನು ಕಿವುಡನಾ?"

ನಮ್ಮೂರು ಹಿಂದೂಪುರಕ್ಕೆ ಎಂಟು ಕಿಲೋಮೀಟರು. ಊರಿನ ತೆಂಕಲ ಹಳ್ಳ ದಾಟಿದರೆ ಕರ್ನಾಟಕ. ಮನೆಯಲ್ಲಿ ಕನ್ನಡ, ಬಸ್ಸು ಹತ್ತಿದರೆ ತೆಲುಗು, ಜಗಳದಲ್ಲಿ ಎರಡೂ. ಎರಡೂ ಬರುತ್ತದೆ ಎಂಬ ಧೈರ್ಯದಲ್ಲೇ ನಾವು ಅರ್ಧ ಕೇಳಿಸಿಕೊಂಡು ಪೂರ್ತಿ ಅರ್ಥ ಮಾಡಿಕೊಂಡುಬಿಡುತ್ತೇವೆ.

ದನಕ್ಕೆ ಮಾರಿ ಬಂದರೆ ಏನು ಮಾಡಬೇಕೆಂಬುದು ಊರಿಗೆಲ್ಲ ಗೊತ್ತು. ಹಳೆಯ ಮೊರದಲ್ಲಿ ಬೇವಿನ ಸೊಪ್ಪು, ಅರಿಸಿನ, ಕುಂಕುಮ, ಒಂದು ದೀಪ ಇಟ್ಟು, ಮಂಗಳವಾರ ಬೆಳಿಗ್ಗೆ ಹಳ್ಳ ದಾಟಿಸಿ ಬರಬೇಕು. ಮಾರಿ ಯಾವ ಮೈಯೇರಿ ಊರೊಳಗೆ ಬಂದಳೋ ಆ ಮೈಯನ್ನೂ ಜೊತೆಗೆ ದಾಟಿಸಬೇಕು. ತಂದವರೇ ಹಗ್ಗ ಹಿಡಿಯಬೇಕು, ತಿರುಗಿ ನೋಡಬಾರದು.

ಅದನ್ನು ಹೇಳಲು ಗಂಗುಲಪ್ಪ ಬಂದರು. ಊರಮ್ಮನ ಗುಡಿಗೆ ದೀಪ ಹಚ್ಚುವವರು ಅವರು; ಮಿಕ್ಕ ಹೊತ್ತಿನಲ್ಲಿ ಹಿಂದೂಪುರದಿಂದ ಗ್ಯಾಸ್ ಸಿಲಿಂಡರಿನ ಆಟೋ ಓಡಿಸುತ್ತಾರೆ. ಆಟೋವನ್ನು ಬಾಗಿಲಲ್ಲೇ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ ಕೇಳಿದರು.

"ಈ ಆರ್ ತಿಂಗ್ಳಲ್ಲಿ ಮನೆಗೆ ಹೊಸದಾಗಿ ಬಂದಿರೋದು ಯಾರಪ್ಪ?"

ಎಲ್ಲರೂ ನನ್ನ ಕಡೆ ನೋಡಿದರು.

"ನಾನು," ಎಂದೆ.

"ನೀನಲ್ಲ ಕಣಮ್ಮ. ನಾಲ್ಕು ಕಾಲಿಂದು."

ಆಗ ಎಲ್ಲರೂ ಹೊಂಗೆ ಮರದ ಕಡೆ ನೋಡಿದರು. ಮರದಡಿ ನನ್ನ ಹಸು ಕಡ್ಲೆ, ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಮೆಲುಕು ಹಾಕುತ್ತಿತ್ತು.

ಕಡ್ಲೆಯನ್ನು ನನಗೆ ಕೊಟ್ಟವಳು ನನ್ನ ಅಜ್ಜಿ ನರಸಕ್ಕ. ಕಲ್ಯಾಣದುರ್ಗದಿಂದ ಆಚೆ, ಸೆಟ್ಟೂರಿನ ಬಯಲಲ್ಲಿ ಅವಳ ಮನೆ. ನನ್ನನ್ನು ಬೆಳೆಸಿದವಳು ಅವಳೇ. ಮದುವೆಯಾದ ಮರುದಿನ, ಕಡ್ಲೆಕಾಯಿ ಸಿಪ್ಪೆಯ ಬಣ್ಣದ ಈ ನಾಟಿ ಹಸುವನ್ನು ಟೆಂಪೋ ಹತ್ತಿಸಿ, ಹಗ್ಗವನ್ನು ನನ್ನ ಕೈಗೆ ಕೊಟ್ಟು, "ಇದು ನಿಂದು. ಅವರ್ದಲ್ಲ, ನಿಂದು," ಎಂದಿದ್ದಳು. ಈ ಮನೆಯಲ್ಲಿ ನನ್ನದು ಎಂದು ಹೇಳಬಹುದಾದದ್ದು ಅದೊಂದೇ. ಕೊಂಬು ಚೂಪು, ಮೇಡಂಗೆ ತಿವಿದೀತು ಎಂದು ಅತ್ತೆ ಅದನ್ನು ಕೊಟ್ಟಿಗೆಗೆ ಸೇರಿಸಲೇ ಇಲ್ಲ. ಬಂದ ದಿನದಿಂದ ಹೊಂಗೆ ಮರವೇ ಅದರ ಮನೆ.

ನಾನು ಸಂಜೆಗೊಂದು ಸಲ ಅದರ ಪಕ್ಕ ಕೂರುತ್ತಿದ್ದೆ. ತೆಂಗಿನ ಚಿಪ್ಪಿನಲ್ಲಿ ಸೀಮೆಎಣ್ಣೆ ಇಟ್ಟುಕೊಂಡು ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ರಕ್ತ ಹೀರುವ ಉಣ್ಣೆ ಕಿತ್ತು ಚಿಪ್ಪಿಗೆ ಹಾಕುವುದು ಅಜ್ಜಿ ಕಲಿಸಿದ ಕೆಲಸ. ಉಗುರಲ್ಲಿ ಕುಕ್ಕಬಾರದು, ಅದರ ರಕ್ತ ನಮ್ಮ ಕೈಗೆ ಅಂಟಬಾರದು. ಕೀಳುವಾಗ ಹಸುವಿಗೆ ಒಂದು ಕಥೆ ಹೇಳಬೇಕು, ಇಲ್ಲದಿದ್ದರೆ ಒದೆಯುತ್ತದೆ.

ಅಜ್ಜಿ ಹೇಳುತ್ತಿದ್ದ ಉಣ್ಣೆಯ ಕಥೆ ಹೀಗಿತ್ತು. ಶಿವ ಜೀವಿಗಳಿಗೆಲ್ಲ ವರ ಹಂಚುತ್ತಿದ್ದಾಗ ಉಣ್ಣೆ ಎಲ್ಲರಿಗಿಂತ ಕೊನೆಗೆ ಹೋಯಿತು. ರೆಕ್ಕೆ ಖಾಲಿ, ಹಲ್ಲು ಖಾಲಿ, ದನಿಯೂ ಖಾಲಿ. "ಏನು ಬೇಕು ಕೇಳು, ಇರೋದ್ರಲ್ಲಿ ಕೊಡ್ತೀನಿ," ಎಂದ ಶಿವ. "ಹೊಟ್ಟೆತುಂಬ ಊಟ," ಎಂದಿತು ಉಣ್ಣೆ. "ಕೊಟ್ಟೆ. ಆದ್ರೆ ಕಾಯ್ಬೇಕು." ಅವತ್ತಿನಿಂದ ಅದು ಹುಲ್ಲಿನ ತುದಿಯಲ್ಲಿ, ಗೋಡೆಯ ಬಿರುಕಲ್ಲಿ ಕಾಯುತ್ತ ಕೂತಿದೆ. ಉಂಡ ಮೇಲೆ ನಾಚಿಕೆಯಾಗಿ ಹಸುವಿನ ಮೈಮೇಲೆ ನಿಲ್ಲುವುದಿಲ್ಲ; ಕೆಳಗಿಳಿದು ಸಂದಿ ಸೇರಿ ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. "ಅದ್ರ ತೌರು ಹಸೀನ ಮೈಯಲ್ಲ ಕಣೇ ಉಮಾ, ಗೋಡೆ," ಎನ್ನುತ್ತಿದ್ದಳು ಅಜ್ಜಿ. "ಹಸ ಬರೀ ಛತ್ರ."

ನಾನು ಹೀಗೆ ಕೂತಿರುವುದನ್ನು ನೋಡಿ ಅತ್ತೆ ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದರು. "ನಮ್ ಸೊಸೆ ಹಸೀಗೆ ಪೇನು ನೋಡ್ತಾ ಕೂತವ್ಳೆ ನೋಡ್ರಮ್ಮ. ಜಡೆ ಒಂದು ಹಾಕಿಲ್ಲ ಅಷ್ಟೇ." ಈಗ ಅದೇ ಸಾಕ್ಷಿಯಾಯಿತು.

"ಚಿಪ್ಪುಗಟ್ಲೆ ಉಣ್ಣೆ ಬರ್ತಿತ್ತು ಇವಳ ಹಸೀನ ಮೈಯಿಂದ," ಎಂದರು ಅತ್ತೆ ಗಂಗುಲಪ್ಪನಿಗೆ. "ನಾನೇ ಕಣ್ಣಾರೆ ಕಂಡಿವ್ನಿ. ಮೇಡಂ ಮೈಮ್ಯಾಗೆ ಒಂದಾದ್ರೂ ಕಂಡಿದ್ದುಂಟಾ?"

"ನೋಡಿದ್ರಲ್ವಾ ಕಾಣೋದು," ಎಂದೆ.

"ಏನಂದೆ?"

"ಮೇಡಂ ಮೈನ ಯಾರೂ ತಡವಿ ನೋಡಿಲ್ಲ ಅತ್ತೆ. ಪೈಪಲ್ಲಿ ನೀರು ಬಿಡ್ತೀರ, ಅಷ್ಟೇ."

ಗಂಗುಲಪ್ಪ ಇಂಜಿನ್ ಆಫ್ ಮಾಡಿದರು. ಮಾತು ಸ್ಪಷ್ಟವಾಗಿ ಕೇಳಬೇಕೆನ್ನಿಸಿರಬೇಕು.

"ನಾಳೆ ಮಂಗಳವಾರ," ಎಂದರು. "ಒಂಬತ್ತಕ್ಕೆಲ್ಲ ಹಳ್ಳ ದಾಟಿಸ್ಬುಡಾನ. ಆಮೇಲೆ ನಂಗೆ ಡೆಲಿವರಿ ಐತೆ."

ಹಳ್ಳ ದಾಟಿಸಿದ ದನವನ್ನು ಆ ಕಡೆಯವರು ಕಟ್ಟಿಕೊಳ್ಳುವುದಿಲ್ಲ. ಅವರೂ ತಮ್ಮ ಊರಿನದನ್ನು ಇತ್ತ ಕಳಿಸುವವರೇ. ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ಲಾರಿಗಳಿಗೆ ಎಷ್ಟು ಕಾಗದ ಕೇಳುತ್ತಾರೆ, ಮಾರಿಗೆ ಮಾತ್ರ ಯಾವ ಪರ್ಮಿಟ್ಟೂ ಬೇಡ. ದಿಕ್ಕಿಲ್ಲದ ದನಕ್ಕಾಗಿ ಹಳ್ಳದ ಆಚೆ ಹುಣಸೆ ತೋಪಿನಲ್ಲಿ ಒಂದು ವ್ಯಾನು ಬಂದು ನಿಲ್ಲುತ್ತದೆ. ಅದು ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

ನನ್ನ ಗಂಡ ಸುರೇಂದ್ರನಿಗೆ ಪೆನುಕೊಂಡದ ಬಳಿಯ ಕಾರು ಫ್ಯಾಕ್ಟರಿಯಲ್ಲಿ ಕೆಲಸ. ಊಟದ ಬ್ರೇಕಿನಲ್ಲಿ ಫೋನು ತೆಗೆದ. "ಅಪ್ಪ ಹೇಳ್ದಂಗೆ ಕೇಳು ಉಮಾ. ಒಂದ್ ಹಸ ತಾನೆ? ಬೇರೆ ತರಾನ."

"ಮೇಡಂನ ದಾಟಿಸಿ, ಬೇರೆ ತರಾನ," ಎಂದೆ.

"ಅದು ಹೆಂಗಾಯ್ತದೆ?"

"ಇದೂ ಹಂಗೇ ಆಗಲ್ಲ." ಫೋನು ಇಟ್ಟೆ.

ಆಮೇಲೆ ಕಲ್ಲಿನ ಮೇಲಿದ್ದ ಮಾವನ ಫೋನು ತೆಗೆದು, ಬೆಳಗಿನ ನಂಬರಿಗೆ ನಾನೇ ಮಾಡಿದೆ. ಡಾಕ್ಟರು ಹೊಸಬರು, ಗೋದಾವರಿ ಕಡೆಯವರು. ಅವರ ತೆಲುಗು ನೀರು ಹರಿದ ಹಾಗೆ. ಕಲ್ಯಾಣದುರ್ಗದ ತೆಲುಗಿನವಳಾದ ನಾನು ಮೂರು ಸಲ ನಿಲ್ಲಿಸಬೇಕಾಯಿತು.

"ಗೋಮಾರಿ ಅಂಟೆ ಏಮಿ ಸಾರ್? ಅಮ್ಮವಾರಾ?" ಮಾರಮ್ಮನೇ ಎಂದು ಕೇಳಿದೆ.

ಆ ಕಡೆಯಿಂದ ನಗು.

"ಅಮ್ಮವಾರು ಕಾದಮ್ಮಾ! ಪಿಡುದು, ಪಿಡುದು! ಮಾ ವೈಪು ಗೋಮಾರಿ ಅಂಟಾಂ."

ಪಿಡುದು. ಅಂದರೆ ಉಣ್ಣೆ. ಅವರ ಸೀಮೆಯಲ್ಲಿ ಉಣ್ಣೆಗೆ ಗೋಮಾರಿ ಎನ್ನುತ್ತಾರಂತೆ. ಅವರು ಹೇಳಿದ್ದು ಉಣ್ಣೆ ಜ್ವರ. ಮಾವ ಕೈ ಮುಗಿದದ್ದು ಉಣ್ಣೆಗೆ. ಉಣ್ಣೆ ಕಚ್ಚಿದಾಗ ಅದರ ಎಂಜಲಿನಲ್ಲಿ ಒಂದು ಹುಳು ರಕ್ತಕ್ಕೆ ಇಳಿಯುತ್ತದೆ, ಕಣ್ಣಿಗೆ ಕಾಣದ್ದು, ಸೀಮೆಹಸುಗಳು ಅದನ್ನು ತಡೆಯುವುದಿಲ್ಲ, ಬೇಗ ಇಂಜೆಕ್ಷನ್ ಬೀಳದಿದ್ದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಬೆಳಿಗ್ಗೆಯೇ ಬರುತ್ತಿದ್ದೆ, ದಾರಿ ಕೇಳಿದರೆ ನಿಮ್ಮವರು ಮಾತೇ ಆಡಲಿಲ್ಲ, ಇವತ್ತು ದೂರದ ಊರಿನಲ್ಲಿ ಲಸಿಕೆ ಹಾಕುತ್ತಿದ್ದೇನೆ, ನಾಳೆ ಹತ್ತರೊಳಗೆ ಬರುತ್ತೇನೆ ಎಂದರು.

ಒಳಗೆ ಓಡಿ ಹೇಳಿದೆ. ಮಾವ ತಲೆ ಅಲ್ಲಾಡಿಸಿದರು.

"ಎಂಬತ್ತು ದನ ಸಾಕಿದೀನಿ ಕಣಮ್ಮ ನಾನು. ಪಿಡುದು ನಂಗೊತ್ತಿಲ್ವಾ? ಪಿಡುದಿಗೆ ಪಿಡುದು ಅಂತಾರೆ, ಮಾರಿ ಅಂತಾರಾ ಯಾರಾದ್ರೂ?"

"ಅವರ ಕಡೆ ಅಂತಾರಂತೆ ಮಾವ."

"ಹಸ ಉಳಿಸ್ಕೊಳ್ಳಾಕೆ ಇವ್ಳು ಕಟ್ತಿರೋ ಕಥೆ," ಎಂದರು ಅತ್ತೆ. "ಅಜ್ಜಿ ಹತ್ರ ಅದೊಂದ್ ಕಲ್ತವ್ಳೆ ಸಾಕಷ್ಟು."

ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು. ಆದರೆ ಅದೇ ಸಿಟ್ಟಿನಲ್ಲಿ ಒಂದು ಯೋಚನೆ ಹೊಳೆಯಿತು. ಕಥೆ ತಾನೆ? ಸರಿ, ಆ ಕಥೆಯಲ್ಲಿ ಉಣ್ಣೆ ಇರುವ ಜಾಗ ಯಾವುದು?

ಕೊಟ್ಟಿಗೆಗೆ ಹೋಗಿ ಮೇಡಂನ ಬಾಲ ಎತ್ತಿ ನೋಡಿದೆ. ಬುಡದ ತುಂಬ, ಹುರುಳಿಕಾಳು ಅಂಟಿಸಿದ ಹಾಗೆ. ಕಿವಿಯೊಳಗೆ ಇನ್ನೂ ಸಣ್ಣವು. ಗೋಡೆಗೆ ಕಿವಿಯಿಟ್ಟೆ, ಕೇಳುವಂಥದ್ದೇನಿದೆ ಅಲ್ಲಿ ಎಂದು ನನಗೇ ನಗು ಬಂತು. ಕಲ್ಲು ಮಣ್ಣಿನ ಹಳೆಯ ಗೋಡೆ. ಹೊರಗೆ ನೀಟಾಗಿ ಸುಣ್ಣ, ಒಳಗೆ ಮೇಡಂನ ಗೋದಲಿಯ ಹಿಂದೆ ಬೆರಳು ತೂರುವಷ್ಟು ಬಿರುಕು.

ಮಂಗಳವಾರ ಎಂಟೂವರೆಗೆಲ್ಲ ಅಂಗಳದಲ್ಲಿ ಇಪ್ಪತ್ತು ಜನ. ಗಂಗುಲಪ್ಪ ಆಟೋದಿಂದ ಮೊರ ಇಳಿಸಿದರು. ಪಕ್ಕದ ಮನೆಯ ಪಾಪಕ್ಕ ಬೇವಿನ ಸೊಪ್ಪು ತಂದಿದ್ದಳು. ಕಡ್ಲೆಯ ಹಣೆಗೆ ಅರಿಸಿನ ಬಳಿದು, ಕೊರಳಿಗೆ ಬೇವಿನ ಎಳೆ ಕಟ್ಟಿದ್ದರು. ಅದು ತಲೆ ಬಗ್ಗಿಸಿ ಆ ಬೇವನ್ನೇ ತಿನ್ನಲು ನೋಡುತ್ತಿತ್ತು.

"ಹಗ್ಗ ಹಿಡ್ಕಳಮ್ಮ," ಎಂದರು ಗಂಗುಲಪ್ಪ.

ಹಿಡಿದುಕೊಂಡೆ.

"ನಡಿ. ತಿರುಗಿ ನೋಡ್ಬ್ಯಾಡ."

ನಡೆದೆ. ತೆಂಕಲಿಗಲ್ಲ, ಕೊಟ್ಟಿಗೆಯ ಕಡೆಗೆ. ಕಡ್ಲೆಯನ್ನು ಬಾಗಿಲ ಗೂಟಕ್ಕೆ ಕಟ್ಟಿ, ಒಳಗೆ ಮೊದಲೇ ಇಟ್ಟಿದ್ದ ಹಾರೆ ಕೈಗೆತ್ತಿಕೊಂಡೆ.

"ಏಯ್, ಏಯ್! ಏನ್ ಮಾಡ್ತಿದೀಯ?" ಮಾವ ಓಡಿ ಬಂದರು.

"ಮಾರಿ ತೋರಿಸ್ತೀನಿ ಬನ್ನಿ. ಎಲ್ಲಾರೂ ಬನ್ನಿ. ನೀವೂ ಬನ್ನಿ ಗಂಗುಲಪ್ಪಣ್ಣ, ಡೆಲಿವರಿ ಆಮೇಲೆ."

"ಗ್ವಾಡೆ ಕಣೇ ಅದು! ನಮ್ಮಪ್ಪ ಕಟ್ಟಿಸಿದ್ದು!"

"ಹಸ ನಮ್ಮಜ್ಜಿ ಕೊಟ್ಟಿದ್ದು," ಎಂದು ಹಾರೆ ಹಾಕಿದೆ.

ಮೊದಲ ಏಟಿಗೆ ಸುಣ್ಣ ಉದುರಿತು. ಎರಡನೆಯದಕ್ಕೆ ಮಣ್ಣು. ಮೂರನೆಯದಕ್ಕೆ ಗೋದಲಿಯ ಹಿಂದಿನ ಒಂದು ಅಂಗೈಯಗಲದ ಕಲ್ಲು ಸಡಿಲಾಗಿ ಕೆಳಗೆ ಬಿತ್ತು. ಅದರ ಹಿಂದೆ ಬಿರುಕಿನ ಉದ್ದಕ್ಕೂ ಅವು ಕೂತಿದ್ದವು. ಹರಳು ಬೀಜದಷ್ಟು ಊದಿಕೊಂಡ ಬೂದು ಬಣ್ಣದ ತಾಯಿ ಉಣ್ಣೆಗಳು. ಅವುಗಳ ಬುಡದಲ್ಲಿ ರಾಗಿ ಮುದ್ದೆಯ ಚೂರಿನ ಹಾಗೆ ಕಂದು ಮೊಟ್ಟೆಯ ಗುಪ್ಪೆ. ಎಳೆಯವು ಬೆಳಕಿಗೆ ಹೆದರಿ ಹರಿದಾಡತೊಡಗಿದವು; ಅವುಗಳ ಕಾಲಲ್ಲಿ ಬಿಳಿ ಪಟ್ಟಿ ಎಣಿಸುವಷ್ಟು ಸ್ಪಷ್ಟವಾಗಿತ್ತು. ಇಪ್ಪತ್ತು ಜನರ ಬಾಯಿ ಕಟ್ಟಿತು.

ಕಟ್ಟದಿದ್ದದ್ದು ಪಾಪಕ್ಕನ ಕೋಳಿಗಳ ಬಾಯಿ. ಎಲ್ಲಿಂದಲೋ ನಾಲ್ಕು ಹೇಂಟೆ ನುಗ್ಗಿ, ಜನರ ಕಾಲ ಸಂದಿಯಲ್ಲಿ ನುಸುಳಿ, ಕೆಳಗೆ ಬಿದ್ದವನ್ನು ಟಕಟಕ ಎಂದು ಹೆಕ್ಕತೊಡಗಿದವು.

"ಅಯ್ಯಯ್ಯೋ, ನಮ್ ಕೋಳಿ ಮಾರೀನೇ ತಿಂತಾವಲ್ಲೋ ಗಂಗುಲಪ್ಪ!" ಎಂದಳು ಪಾಪಕ್ಕ. ಯಾರೋ ಕಿಸಕ್ಕನೆ ನಕ್ಕರು.

ನಾನು ನಗಲಿಲ್ಲ. "ಕಡ್ಲೆ ಈ ಕೊಟ್ಟಿಗೆಯೊಳಗೆ ಒಂದ್ ದಿನಾನೂ ಕಾಲಿಟ್ಟಿಲ್ಲ," ಎಂದೆ. "ನೀವೇ ಬಿಟ್ಕೊಂಡಿಲ್ಲ ಅತ್ತೆ. ಇಷ್ಟು ಸಂಸಾರ ಇಲ್ಲಿ ಐದ್ ತಿಂಗ್ಳಲ್ಲಿ ಆಗಿದ್ದಾ? ಮೇಡಂಗಿಂತ ಮುಂಚಿಂದ ಅವೆ ಇವು. ನಿಮ್ಮ ಗೋಡೇಲಿ ಹುಟ್ಟಿ, ನಿಮ್ಮ ಹಸೀನ ರಕ್ತ ಕುಡ್ದು, ನಿಮ್ಮ ಗೋಡೇಲೇ ಸಾಯೋವು. ಇದಕ್ಕೆ ಊರಮ್ಮನ ಹೆಸ್ರು ಯಾಕೆ ಕೆಡಿಸ್ತೀರ? ನಮ್ ತೌರಿನ ಹೆಸ್ರು ಯಾಕೆ ಕೆಡಿಸ್ತೀರ?"

"ಬಾಯಿ ಜಾಸ್ತಿ ಆಯ್ತು ನಿಂಗೆ," ಎಂದರು ಅತ್ತೆ. ಆದರೆ ಅವರ ಕಣ್ಣು ಗೋಡೆಯ ಮೇಲೇ ಇತ್ತು, ಕೈ ತಾನಾಗಿಯೇ ಸೆರಗು ಒದರುತ್ತಿತ್ತು.

ಗಂಗುಲಪ್ಪ ಬಗ್ಗಿ ನೋಡಿದರು. ಮೊರವನ್ನು ನಿಧಾನವಾಗಿ ಕಂಕುಳಿಗೆ ಸೇರಿಸಿದರು. "ಇದನ್ನ ಹಳ್ಳ ದಾಟಿಸ್ಬೇಕಂದ್ರೆ ಗ್ವಾಡೆನೇ ಹೊತ್ಕೊಂಡು ಹೋಗ್ಬೇಕು ಅಶ್ವತ್ಥಪ್ಪ," ಎಂದರು. "ನನ್ನ ಆಟೋದಲ್ಲಿ ಹಿಡಿಯಲ್ಲ." ಹೇಳಿ ಸ್ಟಾರ್ಟ್ ಮಾಡಿದರು.

ಹತ್ತು ಗಂಟೆಗೆ ಡಾಕ್ಟರು ಬೈಕಿನಲ್ಲಿ ಬಂದರು. ಮೇಡಂನ ಕಣ್ಣ ರೆಪ್ಪೆ ಎಳೆದು ನೋಡಿದರು, ಹೆಗಲ ಗಂಟು ಒತ್ತಿದರು, ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿಕೊಂಡರು. ಕತ್ತಿಗೆ ಇಂಜೆಕ್ಷನ್ ಕೊಟ್ಟರು. "ಎರಡು ದಿನ ನೋಡಬೇಕು, ಮಾತು ಕೊಡಲಾರೆ," ಎಂದರು. ಹೋಗುವಾಗ ಗೋಡೆ ನೋಡಿ ಶಿಳ್ಳೆ ಹೊಡೆದರು. ಬಿರುಕಿಗೆಲ್ಲ ಸಿಮೆಂಟು, ಮೇಲೆ ಸುಣ್ಣ, ಔಷಧಿ ಸಿಂಪಡಿಕೆ, ಅಲ್ಲಿಯವರೆಗೆ ಮೇಡಂ ಕೂಡ ಮರದ ಕೆಳಗೆ ಎಂದರು. ನಾನು ಕೇಳಿದ್ದಕ್ಕೆ ಕಡ್ಲೆಯ ರಕ್ತವನ್ನೂ ಒಂದು ಗಾಜಿಗೆ ತೆಗೆದುಕೊಂಡರು.

ಯಾಕೆ ಕೇಳಿದೆನೋ. ಅದು ಶುದ್ಧ ಎಂದು ಬಂದರೆ ಎಲ್ಲರ ಮುಖಕ್ಕೆ ಹಿಡಿಯಬೇಕೆಂಬ ಹಟ ಇತ್ತು. ಮೂರು ದಿನ ಮರದ ಕೆಳಗೆ ಎರಡೂ ಹಸುಗಳ ಪಕ್ಕ ಕೂತು ಉಣ್ಣೆ ಕೀಳುತ್ತಾ, ಆ ಗಾಜು ಹೇಗೆ ಹೊಳೆಯುತ್ತದೆ, ಡಾಕ್ಟರು ಹೇಗೆ ಹೇಳುತ್ತಾರೆ ಎಂದೆಲ್ಲ ಕಟ್ಟಿಕೊಂಡಿದ್ದೆ. ಮೇಡಂ ಗುರುವಾರ ನೀರು ಕುಡಿಯಿತು. ಶುಕ್ರವಾರ ಬೆಳಿಗ್ಗೆ ಕಡ್ಲೆಯ ಮುಂದಿದ್ದ ಹಸಿ ಜೋಳದ ದಂಟಿಗೆ ಬಾಯಿ ಹಾಕಿತು. ಕಡ್ಲೆ ಕೊಂಬು ಬೀಸಲಿಲ್ಲ, ಸರಿದು ಜಾಗ ಬಿಟ್ಟಿತು.

ಶುಕ್ರವಾರ ಮಧ್ಯಾಹ್ನ ಡಾಕ್ಟರು ಬಂದು ಎರಡನೆಯ ಗಾಜಿನ ಮಾತು ಹೇಳಿದರು. ಕಡ್ಲೆಯ ರಕ್ತದಲ್ಲೂ ಆ ಹುಳು ಇದೆ.

ನಾನು ಚಿಪ್ಪು ಕೆಳಗಿಟ್ಟು ಎದ್ದು ನಿಂತೆ.

"ಕೇಳಿಸ್ತಾ?" ಅತ್ತೆ ಅಂಗಳಕ್ಕೇ ಬಂದುಬಿಟ್ಟರು. "ಇವ್ಳ ಹಸೀಗೂ ಐತಂತೆ! ನಾನು ಅವತ್ತೇ ಅಂದೆ, ಕಲ್ಯಾಣದುರ್ಗದಿಂದ ಬಂದಿದ್ದು ಅಂತ. ಗ್ವಾಡೆ ಒಡ್ದು ನಾಟ್ಕ ಆಡಿದ್ಲು. ಕಳ್ಸಿ ಮೊದ್ಲು ಅದನ್ನ, ಹಳ್ಳದಾಚೆಗೋ ಎಲ್ಗೋ."

ಮಾವ ನನ್ನ ಮುಖ ನೋಡಿದರು. ಆ ನೋಟದಲ್ಲಿ ಹಗ್ಗ ಹಿಡಿ ಎಂಬುದೇ ಇತ್ತು.

"ಸಾರ್," ಎಂದೆ ಡಾಕ್ಟರಿಗೆ, ತೆಲುಗಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಅಂಗಳದಾಚೆ ಕಟ್ಟಿದ್ದ ಮಾವನ ಜೋಡಿ ನಾಟಿ ಎತ್ತುಗಳನ್ನು ತೋರಿಸಿ. "ಆ ಎತ್ತುಗಳ ರಕ್ತದಲ್ಲಿ? ಪಾಪಕ್ಕನ ಎಮ್ಮೆಯಲ್ಲಿ?"

ಡಾಕ್ಟರು ಹೆಗಲು ಕುಣಿಸಿದರು. ನೋಡಿದರೆ ಬಹಳ ನಾಟಿ ದನಗಳಲ್ಲಿ ಸಿಗುತ್ತದೆ, ಕರುವಾಗಿದ್ದಾಗಲೇ ಜ್ವರ ಬಂದು ಗೆದ್ದಿರುತ್ತವೆ, ಆಮೇಲೆ ರಕ್ತದಲ್ಲಿ ಸ್ವಲ್ಪ ಉಳಿದುಕೊಂಡಿರುತ್ತದೆ, ಅವುಗಳಿಗೆ ಏನೂ ಆಗುವುದಿಲ್ಲ ಎಂದರು. ಯಾವ ಉಣ್ಣೆ ಯಾರಿಂದ ತಂದು ಯಾರಿಗೆ ಕೊಟ್ಟಿತು ಎಂದು ಯಾವ ಲ್ಯಾಬೂ ಹೇಳಲಾರದು. ಉಣ್ಣೆ ಇಲ್ಲದಿದ್ದರೆ ಪಕ್ಕಪಕ್ಕ ಕಟ್ಟಿದರೂ ಒಂದರದು ಒಂದಕ್ಕೆ ಹೋಗುವುದಿಲ್ಲ.

"ಕೇಳಿಸ್ತಲ್ಲ," ಎಂದೆ. "ಹೌದು, ನನ್ನ ಹಸೀಲಿ ಐತೆ. ಇಲ್ಲ ಅಂತ ನಾನು ಹೇಳಲ್ಲ. ಜ್ವರ ಬಂದು ಗೆದ್ದು ನಿಂತಿರೋ ಹಸ ಅದು. ಅದನ್ನ ಕಳಿಸ್ಬೇಕಂದ್ರೆ ನಿಮ್ ಎತ್ತೂ ದಾಟ್ಬೇಕು, ಪಾಪಕ್ಕನ ಎಮ್ಮೇನೂ ದಾಟ್ಬೇಕು, ಊರಲ್ಲಿ ಒಂದು ನಾಟಿ ಬಾಲ ಉಳಿಯಲ್ಲ. ಮೊದ್ಲು ಎತ್ತು ಬಿಚ್ಚಿ ಮಾವ. ನಿಮ್ ಹಿಂದೆ ನಾನು ಬತ್ತೀನಿ."

ಮಾವ ಎತ್ತುಗಳ ಕಡೆ ನೋಡಿದರು. ಮೀಸೆ ಒರೆಸಿಕೊಂಡರು. ಬಿಚ್ಚಲಿಲ್ಲ.

ಡಾಕ್ಟರಿಗೆ ಹೊತ್ತಾಗುತ್ತಿತ್ತು. ಚಿಕಿತ್ಸೆ ಕೊಟ್ಟದ್ದನ್ನು ಬರೆದುಕೊಳ್ಳಬೇಕು, ಅದಕ್ಕೆ ಎರಡೂ ಹಸುಗಳ ಕಿವಿಗೆ ನಂಬರಿನ ಹಳದಿ ಓಲೆ ಬೇಕು ಎಂದು ಚೀಲದಿಂದ ಇಕ್ಕಳದಂಥ ಗನ್ನು ತೆಗೆದರು. ಮೇಡಂಗೆ ಹಾಕಿದರು, ಮಾವನ ಹೆಸರು ಫೋನಿನಲ್ಲಿ ಒತ್ತಿಕೊಂಡರು. ಕಡ್ಲೆಯ ಕಿವಿ ಹಿಡಿದು ಕೇಳಿದರು.

"ಓನರ್ ಪೇರು?"

"ಅದೇ ಹಾಕಿ, ಅಶ್ವ—" ಎಂದರು ಮಾವ.

"ಉಮಾದೇವಿ," ಎಂದೆ.

ಡಾಕ್ಟರ ಬೆರಳು ಗಾಳಿಯಲ್ಲಿ ನಿಂತಿತು.

"ಮನೆ ಒಂದೇ, ಹೆಸ್ರು ಎಲ್ಡು ಯಾಕಮ್ಮ?" ಎಂದರು ಅತ್ತೆ. ದನಿಯಲ್ಲಿ ಮೊದಲ ಸಲ ಜಗಳ ಇರಲಿಲ್ಲ, ನಿಜವಾಗಿ ಕೇಳುತ್ತಿದ್ದರು.

"ಹೊರಗೆ ಹಾಕೋವಾಗ ಇದು ಇವ್ಳ ಹಸ, ಇವ್ಳ ಹಸ ಅಂತ ಊರಿಗೆಲ್ಲ ಕೂಗಿದ್ರಲ್ಲ ಅತ್ತೆ. ಒಳಗೆ ಇರೋವಾಗ್ಲೂ ಇವ್ಳದೇ ಆಗಿರ್ಲಿ. ಸಾರ್, ಉಮಾದೇವಿ. ರಾಯಂಡಿ, ಬರ್ಕೊಳ್ಳಿ."

ಡಾಕ್ಟರು ಮಾವನ ಕಡೆ ನೋಡಿದರು. ಮಾವ ಮೇಡಂನ ಗಂಗೆದೊಗಲು ಸವರುತ್ತಾ ಬೇರೆ ಕಡೆ ತಿರುಗಿದರು. ಡಾಕ್ಟರು ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಒತ್ತಿದರು. ಗನ್ನು ಟಕ್ ಎಂದಿತು. ಕಡ್ಲೆ ನೋವಿಗೆ ತಲೆ ಒದರಿ, ಹಿಂಗಾಲು ಎತ್ತಿ ಅವರ ಚೀಲಕ್ಕೆ ಸರಿಯಾಗಿ ಒಂದು ಬಿಟ್ಟಿತು.

"ಅಬ್ಬಾ, ಏನ್ ಕೊಬ್ಬು!" ಎಂದರು ಅತ್ತೆ.

"ಹೂಂ," ಎಂದೆ, ಚೆಲ್ಲಿದ ಸೀಸೆಗಳನ್ನು ಆರಿಸಿ ಡಾಕ್ಟರ ಕೈಗೆ ಕೊಡುತ್ತಾ. "ಇರ್ಲಿ."